ಯಾವ ಮಣ್ಣಿನ ವೈನು, ಯಾವ ಊಟಕ್ಕೆ?

ಇಲ್ಲಿ ವೈನ್ ಉಗುಳೋಕೆ ಯಾರೂ ನಾಚಿಕೊಳ್ಳುವುದಿಲ್ಲ. ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ಊರಿನ ಸುತ್ತಲಿನ ದ್ರಾಕ್ಷಿ ತೋಟಗಳಿಗೆ ರುಚಿ ನೋಡಲು ಹೋದರೆ ಬಾಟಲಿಗಳ ಪಕ್ಕದಲ್ಲೇ ಉಗುಳುವ ಪಾತ್ರೆ ಇಟ್ಟಿರುತ್ತಾರೆ. ಬೆಂಗಳೂರಿಂದ ಬಂದ ನೆಂಟರಿಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ‘ವೈನ್ ಶಾಪ್’ ಅಂತ ಬೋರ್ಡ್ ಹಾಕಿ ರಮ್ಮು, ಬ್ರಾಂದಿ ಮಾರುವ ಊರಿನವರಲ್ವಾ ನಾವು! ನಮ್ಮಲ್ಲಿ ಪ್ರಶ್ನೆ ಎರಡೇ: ಎಷ್ಟು ದುಡ್ಡು, ಎಷ್ಟು ಏರುತ್ತೆ. ಇಲ್ಲಿಯವರು ಯಾವ ಮಣ್ಣು ಅಂತ ಕೇಳುತ್ತಾರೆ.

ಕೇಳೋದರಲ್ಲಿ ಅರ್ಥ ಇದೆ. ಊರಿನ ಉತ್ತರಕ್ಕೆ ಪಿಕ್ ಸಾಂ ಲೂ ಬೆಟ್ಟದ ಸುತ್ತ ಸುಣ್ಣಕಲ್ಲಿನ ನೆಲ, ಸಿರಾ ದ್ರಾಕ್ಷಿಯದೇ ಕಾರುಬಾರು. ಹಗಲು ಕಾದರೂ ರಾತ್ರಿ ತಣ್ಣಗಾಗುವುದರಿಂದ ಹಣ್ಣಿನ ಹುಳಿ ಉಳಿಯುತ್ತದೆ. 2017ರಲ್ಲಿ ಈ ಜಾಗಕ್ಕೆ ತನ್ನದೇ ಹೆಸರಿನ ವೈನ್ ಪ್ರದೇಶ ಅಂತ ಅಧಿಕೃತ ಮಾನ್ಯತೆ ಸಿಕ್ಕಿತು. ಗ್ಲಾಸ್ ಅಲ್ಲಾಡಿಸಿ ಮೂಸಿದರೆ ಮೊದಲು ಕರಿಮೆಣಸು, ಆಮೇಲೆ ಕಪ್ಪು ಆಲಿವ್, ಹಿಂದಿನಿಂದ ಇಲ್ಲಿಯ ಕುರುಚಲು ಕಾಡಿನ ಥೈಮ್, ರೋಸ್‌ಮೆರಿ ಘಮ. ಪಶ್ಚಿಮದ ಫೋಜೇರ್ ಪ್ರದೇಶದ್ದು ಪದರ ಪದರ ಎದ್ದುಬರುವ ಶಿಸ್ಟ್ ಕಲ್ಲು. ಅಲ್ಲಿಯ ಹಳೇ ಕಾರಿನ್ಯಾನ್ ಬಳ್ಳಿಗಳ ವೈನ್ ನನಗೆ ಜಾಸ್ತಿ ಇಷ್ಟ. ಒಂದು ಕಾಲಕ್ಕೆ ಅಗ್ಗದ ವೈನಿಗೆ ಅಂತಲೇ ಬೆಳೆದ ದ್ರಾಕ್ಷಿ ಅದು. ಯುರೋಪಿನ ಒಕ್ಕೂಟವೇ ರೈತರಿಗೆ ದುಡ್ಡು ಕೊಟ್ಟು ಎಕರೆಗಟ್ಟಲೆ ಕೀಳಿಸಿತ್ತು. ಉಳಿದ ಮುದಿ ಬಳ್ಳಿಗೆ ಈಗ ಎಲ್ಲಿಲ್ಲದ ಮರ್ಯಾದೆ.

ಆದರೂ ಇಲ್ಲಿಯವರು ವೈನಿಗೆ ಕೊಡುವ ಅಂಕವನ್ನು ನಾನು ಕಣ್ಣು ಮುಚ್ಚಿ ಒಪ್ಪುವುದಿಲ್ಲ. ಅವರು ಬ್ರೆಡ್ ಕಚ್ಚಿ ನಾಲಿಗೆ ಸರಿಮಾಡಿಕೊಂಡು ರುಚಿ ನೋಡುತ್ತಾರೆ. ನಮ್ಮ ಊಟದಲ್ಲಿ ಖಾರ ಇದೆಯಲ್ಲ! ಫ್ರಾನ್ಸಿನದೇ ಪ್ರೊವಾನ್ಸ್ ಕಡೆಯ ಬಾಂದೋಲ್ ರೆಡ್ ವೈನ್ ತಗೊಳ್ಳಿ. ಅದರಲ್ಲಿ ಮೂರ್ವೆದ್ರ್ ದ್ರಾಕ್ಷಿ ಅರ್ಧಕ್ಕೆ ಕಡಿಮೆ ಇರುವಂತಿಲ್ಲ, 18 ತಿಂಗಳು ಮರದ ಪೀಪಾಯಿಯಲ್ಲಿ ಇಡಲೇಬೇಕು. ಸುಟ್ಟ ಕುರಿಮರಿ ಮಾಂಸಕ್ಕೆ ಸೊಗಸಾದ ಜೋಡಿ. ನಮ್ಮ ಮಟನ್ ಸಾರಿಗೆ ಅದೇ ವೈನ್ ಕುಡಿದರೆ ಬಾಯೆಲ್ಲ ಒಗರು, ಗಂಟಲೆಲ್ಲ ಉರಿ. ಒಗರು ಕೊಡುವ ಟ್ಯಾನಿನ್, ಆಲ್ಕೋಹಾಲ್ ಎರಡೂ ಖಾರವನ್ನು ಕೆಣಕುತ್ತವೆ. ಸ್ಯಾಂಸೋ ದ್ರಾಕ್ಷಿಯ ಹಗುರವಾದ ವೈನ್ ತೆರೆದರೆ ಈ ರಗಳೆ ಇಲ್ಲ, ಬೆಲೆಯೂ ಕಮ್ಮಿ.

ಇನ್ನು ಬಿಸಿಯ ವಿಷಯ. ‘ರೂಮ್ ಟೆಂಪರೇಚರ್’ ಅಂತ ನಮ್ಮಲ್ಲಿ ಸೆಖೆಗಾಲದಲ್ಲೂ ರೆಡ್ ವೈನನ್ನು ಹಾಗೇ ಸುರಿಯುತ್ತಾರೆ. 14 ಪರ್ಸೆಂಟ್ ಆಲ್ಕೋಹಾಲ್ ಇರುವ ವೈನು ಆ ಬಿಸಿಗೆ ಸ್ಪಿರಿಟ್ ವಾಸನೆ ಹೊಡೆಯದೆ ಇನ್ನೇನು? ನಂದಿಬೆಟ್ಟದ ತಪ್ಪಲಿನ ಶಿರಾಜ್ ಕೂಡ ಇದೇ ಸಿರಾ ದ್ರಾಕ್ಷಿ. ಸುಮ್ನೆ ಅದನ್ನು ಬೈಯುವ ಮುಂಚೆ ಫ್ರಿಜ್ಜಿನಲ್ಲಿಟ್ಟು 16 ಡಿಗ್ರಿ ಹತ್ತಿರಕ್ಕೆ ತನ್ನಿ.