ಮುರಿದ ಕೈಯಲ್ಲಿ ಪ್ರೆಸ್ಕಾಟ್ ಆಡಿದ್ದು ಸರಿಯೇ?

ಪರ

1958ರ ಜುಲೈ 5, ಬ್ರಿಸ್ಬೇನ್. ಸಿಡ್ನಿಯಲ್ಲಿ ನಡೆದ ಮೊದಲ ರಗ್ಬಿ ಲೀಗ್ ಟೆಸ್ಟನ್ನು ಆಸ್ಟ್ರೇಲಿಯಾ 25-8ರಿಂದ ಗೆದ್ದಿತ್ತು, ಈ ಎರಡನೆಯದನ್ನೂ ಸೋತರೆ ಗ್ರೇಟ್ ಬ್ರಿಟನ್‌ಗೆ ಮೂರು ಟೆಸ್ಟ್‌ಗಳ ಸರಣಿಯೇ ಕೈತಪ್ಪುತ್ತಿತ್ತು. ಆಟ ಶುರುವಾಗಿ ನಾಲ್ಕೈದು ನಿಮಿಷವೂ ಆಗಿರಲಿಲ್ಲ, ಅಷ್ಟರಲ್ಲೇ ಬ್ರಿಟನ್ ನಾಯಕ ಅಲನ್ ಪ್ರೆಸ್ಕಾಟ್ ಬಲಗೈ ಮುರಿಯಿತು.

ಆಗ ಬದಲಿ ಆಟಗಾರರು ಅನ್ನೋದೇ ಇರಲಿಲ್ಲ. ಒಬ್ಬ ಹೊರಗೆ ಹೋದರೆ 13 ಜನರ ತಂಡ 12ಕ್ಕೆ ಇಳಿಯುತ್ತಿತ್ತು, ಅಷ್ಟೇ. ಅವರದೇ ತಂಡದ ಡೇವ್ ಬೋಲ್ಟನ್ ಕೊರಳೆಲುಬು ಮುರಿದುಕೊಂಡು ಹೊರನಡೆದರು. ಇನ್ನೊಬ್ಬ ಜೊತೆಗಾರ ವಿನ್ಸ್ ಕರಾಲಿಯಸ್ ಬೆನ್ನಿಗೂ ಜೋರು ಪೆಟ್ಟು ಬಿದ್ದಿತ್ತು. ಇಂಥ ಹೊತ್ತಲ್ಲಿ ನಾಯಕನೂ ಎದ್ದು ಹೋದರೆ ಉಳಿದವರು ಯಾರ ಮುಖ ನೋಡಬೇಕು? ಪ್ರೆಸ್ಕಾಟ್ ಹೋಗಲಿಲ್ಲ. ಮುರಿದ ಕೈಯನ್ನು ಇಳಿಬಿಟ್ಟುಕೊಂಡು, ಒಂದೇ ಕೈಯಲ್ಲಿ, ಮೈಯನ್ನೇ ಅಡ್ಡ ಹಾಕಿ ಕೊನೆಯವರೆಗೂ ಆಡಿದರು. ಗ್ರೇಟ್ ಬ್ರಿಟನ್ 25-18ರಿಂದ ಗೆದ್ದಿತು. ಮೂರನೇ ಟೆಸ್ಟಿಗೆ ಅವರು ಇರಲಿಲ್ಲ, ಆದರೂ ಹುಡುಗರು 40-17ರಿಂದ ಗೆದ್ದು ಸರಣಿಯನ್ನೇ ಹೊತ್ತು ತಂದರು. ಆ ಧೈರ್ಯ ಬಂದದ್ದು ಬ್ರಿಸ್ಬೇನಿನಿಂದಲೇ ಅಂತ ನಾನು ನಂಬುತ್ತೇನೆ. ಯಾರೂ ಅವರನ್ನು ಮೈದಾನಕ್ಕೆ ತಳ್ಳಲಿಲ್ಲ, ಅದು ಅವರೇ ಮಾಡಿದ ಆಯ್ಕೆ. ಅದಕ್ಕೆ ಗೌರವ ಕೊಡಬೇಕು ಅಲ್ವಾ?

ವಿರೋಧ

ಆಯ್ಕೆ ಅನ್ನೋದು ಸುಲಭ. ಹೊರಗೆ ಹೋದರೆ ತಂಡ ಮುಳುಗುತ್ತದೆ, ಒಳಗಿದ್ದರೆ ಕೈ ಹೋಗುತ್ತದೆ. ಇದರಲ್ಲಿ ಆಯ್ಕೆ ಎಲ್ಲಿದೆ?

ಪ್ರೆಸ್ಕಾಟ್ ಪ್ರಾಪ್ ಆಗಿದ್ದರು. ಎರಡೂ ತಂಡದವರು ತಲೆಬಾಗಿ ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್‌ನ ಮುಂದಿನ ಸಾಲಲ್ಲಿ ಪಕ್ಕದವನನ್ನು ತಬ್ಬಿ ಹಿಡಿದು ಎದುರಿನವರ ಭಾರವನ್ನೆಲ್ಲ ತಡೆಯುವ, ಓಡಿ ಬರುವವನಿಗೆ ಎದುರಾಗಿ ನುಗ್ಗುವ ಜಾಗ ಅದು, ಎರಡು ಕೈ ನೆಟ್ಟಗಿದ್ದವರಿಗೇ ಕಷ್ಟ. ಅಂಥ ಜಾಗದಲ್ಲಿ ಮುರಿದ ಮೂಳೆ ಇಟ್ಟುಕೊಂಡು 75 ನಿಮಿಷಕ್ಕೂ ಜಾಸ್ತಿ! ಅವರಿಗಾಗ ಬರೀ 31 ವರ್ಷ. ಎರಡು ವರ್ಷ ಹಿಂದೆ, ಇಂಗ್ಲೆಂಡಿನ ಕ್ಲಬ್‌ಗಳು ಆಡುವ ಚಾಲೆಂಜ್ ಕಪ್‌ನ 1956ರ ಫೈನಲ್‌ನಲ್ಲಿ, ಅವರ ಕ್ಲಬ್ ಸೇಂಟ್ ಹೆಲೆನ್ಸ್ ಹ್ಯಾಲಿಫ್ಯಾಕ್ಸನ್ನು 13-2ರಿಂದ ಸೋಲಿಸಿ ಮೊದಲ ಸಲ ಕಪ್ ಎತ್ತಿದಾಗ ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಲ್ಯಾನ್ಸ್ ಟಾಡ್ ಟ್ರೋಫಿ ಸಿಕ್ಕಿದ್ದು ಇವರಿಗೇ. ಅಂಥ ಆಟಗಾರನಿಗೆ ಬ್ರಿಸ್ಬೇನೇ ಕೊನೆಯ ಟೆಸ್ಟ್ ಆಯಿತು.

ಜನ ಇವತ್ತಿಗೂ ಅದನ್ನು ಪ್ರೆಸ್ಕಾಟ್ ಪಂದ್ಯ ಅಂತಾರೆ. ಅವರ ಗಟ್ಟಿತನದ ಬಗ್ಗೆ ನನಗೆ ಎಳ್ಳಷ್ಟೂ ಸಂಶಯ ಇಲ್ಲ. ಸಿಟ್ಟು ಇರುವುದು ನಿಯಮ ಮಾಡಿದವರ ಮೇಲೆ. ಗಾಯಗೊಂಡವನ ಬದಲು ಇನ್ನೊಬ್ಬನನ್ನು ಇಳಿಸಬಹುದು ಅಂತ ಬ್ರಿಟನ್‌ನಲ್ಲಿ ಒಪ್ಪಿದ್ದು 1964ರಲ್ಲಿ. ನಾಯಕನ ಕೈ ಮುರಿದದ್ದನ್ನು ಕಣ್ಣಾರೆ ಕಂಡ ಮೇಲೂ ಆರು ವರ್ಷ ಬೇಕಾಯಿತು.