ಸವಾರಿಯ ಸಜ್ಜು ಬೇಕಿರುವುದು ಹಾಲು ತರಲು ಹೋಗುವವರಿಗೆ

ಶನಿವಾರ ಬೆಳಿಗ್ಗೆ ಚಿಕ್ಕಮಗಳೂರಿನ ಕೈಮರದ ಚೆಕ್‌ಪೋಸ್ಟ್ ಹತ್ತಿರ ನಿಂತರೆ ಎರಡು ಬಗೆಯ ಸವಾರರು ಕಾಣುತ್ತಾರೆ. ಮುಳ್ಳಯ್ಯನಗಿರಿ ನೋಡಲು ಬೆಂಗಳೂರಿನಿಂದ ಬಂದವರು ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಪ್ಯಾಡ್ ಇರುವ ಜಾಕೆಟ್, ಮಂಡಿಗೆ ಗಾರ್ಡ್, ಕಣಕಾಲು ದಾಟುವ ಬೂಟು ತೊಟ್ಟಿರುತ್ತಾರೆ. ಅವರ ಪಕ್ಕದಲ್ಲೇ ನಮ್ಮೂರಿನವರು ಹವಾಯಿ ಚಪ್ಪಲಿಯಲ್ಲಿ, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಕಾಲ ನಡುವೆ ಹಿಂಡಿಯ ಮೂಟೆ ಇಟ್ಟುಕೊಂಡು ಹೋಗುತ್ತಿರುತ್ತಾರೆ. ಬಂದವರನ್ನು ನೋಡಿ ನಮ್ಮವರಿಗೆ ನಗು. ‘ಯುದ್ಧಕ್ಕೆ ಹೊರಟ ಹಾಗಿದೆ’ ಎನ್ನುತ್ತಾರೆ. ನನಗನ್ನಿಸುವುದು ಬೇರೆ. ಆ ಸಜ್ಜು ಅವರಿಗಿಂತ ನಮಗೇ ಹೆಚ್ಚು ಬೇಕು. ಅವರು ವರ್ಷಕ್ಕೊಮ್ಮೆ ಗುಡ್ಡ ಹತ್ತುತ್ತಾರೆ, ನಾವು ದಿನಾ ರಸ್ತೆಯಲ್ಲಿರುತ್ತೇವೆ.

ಇದನ್ನು ಬರೆಯಲು ಕಾರಣ ಅಕ್ಕನ ಮಗಳು. ಹಾಸನದಲ್ಲಿ ಕೆಲಸಕ್ಕೆ ಸೇರಿ ಹೊಸ ಸ್ಕೂಟರ್ ತೆಗೆದುಕೊಂಡಿದ್ದಾಳೆ. ಗ್ಲೌಸು, ಜಾಕೆಟ್ಟಿನ ಮಾತೆತ್ತಿದ ಕೂಡಲೇ, ‘ಚಿಕ್ಕಮ್ಮ, ನಾನೇನು ಲಡಾಖಿಗೆ ಹೋಗುತ್ತಿದ್ದೇನೆಯೇ? ವಿದ್ಯಾನಗರದಿಂದ ಬಿ.ಎಂ. ರಸ್ತೆಗೆ ಹೋಗುವುದಕ್ಕೆ ಇದೆಲ್ಲ ಯಾಕೆ?’ ಎಂದಳು. ಹೊಸದಾಗಿ ಗಾಡಿ ಕೊಂಡ ಎಲ್ಲರ ಬಾಯಲ್ಲೂ ಇದೇ ಪ್ರಶ್ನೆ. ಸಜ್ಜು ದೂರದ ಪ್ರಯಾಣಕ್ಕೆ, ಹತ್ತಿರಕ್ಕೆ ಏನೂ ಬೇಡ ಎಂಬ ಲೆಕ್ಕಾಚಾರ ನಮ್ಮೆಲ್ಲರ ತಲೆಯಲ್ಲಿ ಭದ್ರವಾಗಿ ಕೂತಿದೆ.

ಈ ಲೆಕ್ಕ ತಪ್ಪೆಂದು ತಿಳಿದು ನಲವತ್ತು ವರ್ಷಗಳ ಮೇಲಾಯಿತು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ 900 ಮೋಟಾರ್‌ಸೈಕಲ್ ಅಪಘಾತಗಳನ್ನು ನಡೆದ ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಹೆಚ್ಚಿನ ಅಪಘಾತಗಳು ನಡೆದದ್ದು ಅಂಗಡಿಗೋ ಸ್ನೇಹಿತರ ಮನೆಗೋ ಹೊರಟ ಸಣ್ಣ ಓಡಾಟಗಳಲ್ಲಿ, ಅದೂ ಹೊರಟ ಜಾಗದ ಸಮೀಪದಲ್ಲೇ. ಡಿಕ್ಕಿಯ ಹೊತ್ತಿನ ವೇಗವನ್ನು ಸಾಲಾಗಿ ಜೋಡಿಸಿದರೆ ನಡುವಿನ ಸಂಖ್ಯೆ ಗಂಟೆಗೆ ಸುಮಾರು 35 ಕಿಲೋಮೀಟರ್. ಅಂದರೆ ಅರ್ಧದಷ್ಟು ಅಪಘಾತಗಳು ನಾವು ‘ನಿಧಾನವಾಗಿ ಹೋಗುತ್ತಿದ್ದೆ’ ಎನ್ನುವ ವೇಗದಲ್ಲೇ ಆಗಿದ್ದವು. ಇನ್ನೊಂದು ಸಂಗತಿ ಹೊಸಬರು ಕೇಳಿಸಿಕೊಳ್ಳಬೇಕಾದದ್ದು: ಅಪಘಾತಕ್ಕೆ ಸಿಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಗಾಡಿಯ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ.

ಊರು ಬೇರೆ, ಕಾಲ ಬೇರೆ ಎನ್ನಬಹುದು. ನಮ್ಮ ಕಡೆ ಬೀಳಲು ಅಷ್ಟು ವೇಗವೂ ಬೇಡ. ಸುಗ್ಗಿ ಬಂತೆಂದರೆ ಅರಸೀಕೆರೆ, ಕಡೂರು ಕಡೆಯ ಹಳ್ಳಿ ರಸ್ತೆಗಳೇ ಕಣ. ರಾಗಿ ಹುಲ್ಲು, ಹುರುಳಿ ಬಳ್ಳಿಯನ್ನು ಟಾರಿನ ಮೇಲೆ ಹರಡಿರುತ್ತಾರೆ, ಲಾರಿ ಬಸ್ಸುಗಳ ಚಕ್ರವೇ ಒಕ್ಕಣೆ ಮಾಡಬೇಕು. ಅದರ ಮೇಲೆ ಮುಂದಿನ ಬ್ರೇಕ್ ಒತ್ತಿದ ಸ್ಕೂಟರ್ ನಿಲ್ಲುವುದಿಲ್ಲ, ಮಲಗುತ್ತದೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಬಿಸಿಲು ಬೀಳದ ತಿರುವುಗಳಲ್ಲಿ ಪಾಚಿ ಕಟ್ಟಿರುತ್ತದೆ. ತೋಟದ ಗೇಟುಗಳ ಎದುರು ಜೀಪಿನ ಚಕ್ರ ಹೊತ್ತು ತಂದ ಕೆಸರು. ಗಾಡಿ ನಿಂತಲ್ಲೇ ಮಗುಚಿದರೂ ಒಂದೂವರೆ ಮೀಟರ್ ಎತ್ತರದಲ್ಲಿರುವ ತಲೆ ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ವೇಗ ಪಡೆದಿರುತ್ತದೆ. ಇದು ಹೈಸ್ಕೂಲಿನ ಭೌತಶಾಸ್ತ್ರ. ಮೀಟರಿನಲ್ಲಿ ಸೊನ್ನೆ ತೋರಿಸುತ್ತಿದ್ದರೂ ಅಷ್ಟೇ.

ಹಾಗಾಗಿ ಮೊದಲು ಹೆಲ್ಮೆಟ್. ನಮ್ಮಲ್ಲಿ ಬಹಳಷ್ಟು ಜನ ಹೆಲ್ಮೆಟ್ ಕೊಳ್ಳುವುದು ಪೊಲೀಸರಿಗಾಗಿ. ಮೋಟಾರು ವಾಹನ ಕಾಯ್ದೆಯಲ್ಲಿ ದಂಡ 1,000 ರೂಪಾಯಿ, ನಮ್ಮ ರಾಜ್ಯ ಸರ್ಕಾರ ಅದನ್ನು 2019ರಲ್ಲಿ 500ಕ್ಕೆ ಇಳಿಸಿತು. ಆ ಐನೂರು ಉಳಿಸಲು ಹೆದ್ದಾರಿ ಬದಿಯಲ್ಲಿ ಇನ್ನೂರು ಮುನ್ನೂರಕ್ಕೆ ಸಿಗುವ ಪ್ಲಾಸ್ಟಿಕ್ ಚಿಪ್ಪು ಸಾಕಲ್ಲ! ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂಬ ಕೇಂದ್ರದ ಆದೇಶ 2021ರ ಜೂನ್ 1ರಿಂದಲೇ ಜಾರಿಯಲ್ಲಿದೆ. ರಸ್ತೆ ಬದಿಯ ವ್ಯಾಪಾರಕ್ಕೆ ಅದರ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹೆಲ್ಮೆಟ್ಟಿನಲ್ಲಿ ಪೆಟ್ಟು ನುಂಗುವುದು ಹೊರಗಿನ ಹೊಳೆಯುವ ಚಿಪ್ಪಿಗಿಂತ ಹೆಚ್ಚಾಗಿ ಒಳಗಿನ ಥರ್ಮೋಕೋಲ್ ಪದರ. ಟಿ.ವಿ. ಪೆಟ್ಟಿಗೆಯಲ್ಲಿ ಬರುವಂಥದ್ದೇ ವಸ್ತು, ಹೆಚ್ಚು ದಟ್ಟವಾದದ್ದು. ತಲೆ ನೆಲಕ್ಕೆ ಬಡಿದಾಗ ಅದು ತಾನು ಜಜ್ಜಿಹೋಗಿ ಮಿದುಳಿಗೆ ತಲುಪುವ ಹೊಡೆತವನ್ನು ತಗ್ಗಿಸುತ್ತದೆ. ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ಟನ್ನು ‘ಹೊರಗೆ ಏನೂ ಆಗಿಲ್ಲ’ ಎಂದು ತಮ್ಮನಿಗೆ ದಾಟಿಸುವುದು ಬೇಡ. ಅಂಗಡಿಯಲ್ಲಿ ಬಟ್ಟೆಯ ಅಸ್ತರು ಸರಿಸಿ ಬೆರಳಿನಿಂದ ಒತ್ತಿ ನೋಡಿ. ಗಟ್ಟಿ ಥರ್ಮೋಕೋಲ್ ಸಿಗಬೇಕು. ಬರೀ ಸ್ಪಂಜು ಸಿಕ್ಕರೆ ಅಲ್ಲೇ ಬಿಟ್ಟು ಬನ್ನಿ. ಐಎಸ್‌ಐ ಗುರುತಿನ ಮೇಲೆ ಹೆಲ್ಮೆಟ್ಟಿನ ಮಾನದಂಡದ ಸಂಖ್ಯೆಯಾದ ಐಎಸ್ 4151 ಎಂದೂ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆಯನ್ನು ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದ್ದೆಂದು ಅಲ್ಲೇ ತಿಳಿಯುತ್ತದೆ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಇಷ್ಟಾದ ಮೇಲೆ ಅಳತೆ. ಹುಬ್ಬಿನಿಂದ ಒಂದು ಬೆರಳು ಮೇಲಕ್ಕೆ ದರ್ಜಿಯ ಟೇಪು ಸುತ್ತಿ ಸೆಂಟಿಮೀಟರಿನಲ್ಲಿ ಬರೆದುಕೊಂಡು ಹೋಗಿ. ಹೊಸ ಹೆಲ್ಮೆಟ್ ಕೆನ್ನೆಯನ್ನು ಒತ್ತಬೇಕು, ಆದರೆ ಹಣೆಯಲ್ಲಿ ಒಂದೇ ಕಡೆ ಚುಚ್ಚಬಾರದು. ಚುಚ್ಚುತ್ತದೆಯೋ ಇಲ್ಲವೋ ಎಂಬುದು ಹತ್ತು ನಿಮಿಷ ಹಾಕಿಕೊಂಡು ಕೂತರೆ ಮಾತ್ರ ಗೊತ್ತಾಗುತ್ತದೆ, ಕನ್ನಡಿಯ ಮುಂದೆ ಅರ್ಧ ನಿಮಿಷ ನಿಂತರೆ ಸಾಲದು. ಪಟ್ಟಿ ಬಿಗಿದು, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಲು ಯಾರಿಗಾದರೂ ಹೇಳಿ. ಕಳಚಿ ಬಂದರೆ ಅದು ನಿಮ್ಮ ತಲೆಯದ್ದಲ್ಲ. ನಮ್ಮ ಹೆಂಗಸರಿಗೆ ಇಲ್ಲಿ ಒಂದು ಮಾತು. ತುರುಬು, ದೊಡ್ಡ ಕ್ಲಿಪ್ಪು ಇದ್ದರೆ ಹೆಲ್ಮೆಟ್ ಕೆಳಗೆ ಇಳಿಯದೆ ನೆತ್ತಿಯ ಮೇಲೆ ಕೂರುತ್ತದೆ. ಜಡೆ ಕೆಳಗಿಳಿಸಿ, ದಿನಾ ಹೇಗೆ ಹೋಗುತ್ತೀರೋ ಹಾಗೆಯೇ ಅಳತೆ ನೋಡಿ. ಮುಡಿದ ಮಲ್ಲಿಗೆ ಬಾಡುತ್ತದೆಂದು ಹೆಲ್ಮೆಟ್ಟನ್ನು ಅರ್ಧ ಹಿಂದಕ್ಕೆ ಸರಿಸಿ ಹಾಕಿಕೊಳ್ಳುವವರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ಹೂವನ್ನು ಡಿಕ್ಕಿಯಲ್ಲಿಟ್ಟುಕೊಂಡು ಹೋಗಿ ಮದುವೆ ಮನೆಯಲ್ಲೇ ಮುಡಿಯಬಹುದಲ್ಲ.

ಸ್ಕೂಟರ್ ಆದರೂ ಗಲ್ಲ ಮುಚ್ಚುವ ಹೆಲ್ಮೆಟ್ಟೇ ಇರಲಿ ಎಂಬುದು ನನ್ನ ಹಟ. ಮುಂದಕ್ಕೆ ಮುಗ್ಗರಿಸಿದವರ ದವಡೆ, ಹಲ್ಲುಗಳ ಗತಿ ನೋಡಿದವರು ಇದಕ್ಕೆ ವಾದ ಮಾಡುವುದಿಲ್ಲ. ಸೆಖೆ ಎನ್ನುವವರಿಗೆ ಗಾಳಿ ಕಿಂಡಿಗಳಿರುವ ಹೆಲ್ಮೆಟ್ ಇವೆ. ಮುಖದ ಗಾಜು ಮಾತ್ರ ಬಣ್ಣವಿಲ್ಲದ್ದೇ ಇರಬೇಕು. ಸಂಜೆ ಆರಕ್ಕೇ ಮಂಜು ಇಳಿಯುವ ಕೊಟ್ಟಿಗೆಹಾರದಲ್ಲಿ ಕಪ್ಪು ಗಾಜು ಹಾಕಿಕೊಂಡವರಿಗೆ ಎದುರಿನ ಬಸ್ ಕಾಣುವುದು ಅದು ಹಾರ್ನ್ ಹೊಡೆದ ಮೇಲೆ. ಉಸಿರಿನ ಹಬೆ ಕಟ್ಟದಂತೆ ಒಳಗೆ ಕೂರಿಸುವ ಪಿನ್‌ಲಾಕ್ ಎಂಬ ತೆಳು ಹಾಳೆ ಸಿಗುತ್ತದೆ, ಅದಕ್ಕೆ ಜಾಗವಿರುವ ಗಾಜು ಬೇಕು. ಮಲೆನಾಡಿನ ಮಳೆಗೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ವಸ್ತು.

ಹೆಲ್ಮೆಟ್ ಎಷ್ಟು ಕಾಪಾಡುತ್ತದೆ ಎನ್ನುವವರಿಗೆ: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2008ರ ಪರಿಶೀಲನೆಯ ಪ್ರಕಾರ ಅದು ಸಾವಿನ ಅಪಾಯವನ್ನು ಸುಮಾರು ಶೇ 42ರಷ್ಟು, ತಲೆಗೆ ಗಾಯವಾಗುವ ಅಪಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ.

ಎರಡನೆಯದಾಗಿ ಜಾಕೆಟ್ ಎಂದು ಎಲ್ಲರೂ ಹೇಳುತ್ತಾರೆ. ನಾನು ಗ್ಲೌಸು ಎನ್ನುತ್ತೇನೆ. ಎಡವಿ ಬಿದ್ದವರು ಮೊದಲು ಚಾಚುವುದು ಕೈ. ಯೋಚಿಸಿ ಮಾಡುವ ಕೆಲಸವಲ್ಲ ಅದು, ಎಳೆ ಮಗುವೂ ಹಾಗೆಯೇ ಬೀಳುತ್ತದೆ. ಅಂಗೈ ಚರ್ಮ ಜಲ್ಲಿಗೆ ಉಜ್ಜಿಹೋದರೆ ವಾರಗಟ್ಟಲೆ ಊಟವನ್ನು ಬೇರೆಯವರು ತಿನ್ನಿಸಬೇಕು, ಉಳಿದ ಕೆಲಸಗಳನ್ನು ನೀವೇ ಊಹಿಸಿಕೊಳ್ಳಿ. ಅಂಗೈಯ ಬುಡದಲ್ಲಿ, ಮಣಿಕಟ್ಟಿಗೆ ಹತ್ತಿರ, ಗಟ್ಟಿಯಾದ ನುಣುಪು ತುಂಡು ಇರುವ ಗ್ಲೌಸು ಆರಿಸಿ. ಕೈ ನೆಲಕ್ಕೆ ಕಚ್ಚಿಕೊಳ್ಳದೆ ಜಾರಲಿ ಎಂದು ಅದನ್ನು ಇಟ್ಟಿರುತ್ತಾರೆ, ಕಚ್ಚಿಕೊಂಡರೆ ಮಣಿಕಟ್ಟಿನ ಮೂಳೆ ಮುರಿಯುತ್ತದೆ. ಮಣಿಕಟ್ಟಿಗೆ ಬಿಗಿಯುವ ಪಟ್ಟಿಯೂ ಬೇಕು, ಇಲ್ಲವಾದರೆ ಬಿದ್ದ ರಭಸಕ್ಕೆ ಗ್ಲೌಸು ಒಂದು ಕಡೆ, ಕೈ ಒಂದು ಕಡೆ. ಡಿಸೆಂಬರಿನ ಬೆಳಿಗ್ಗೆ ಬೆರಳು ಮರಗಟ್ಟಿ ಬ್ರೇಕಿನ ಹಿಡಿತವೇ ತಿಳಿಯದಾಗುವ ಊರು ನಮ್ಮದು. ಆ ಕಾರಣಕ್ಕಾದರೂ ಹಾಕಿಕೊಳ್ಳಿ.

ಕಾಲಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಕಣಕಾಲಿನ ಗಂಟು ಮುಚ್ಚುವ, ಲೇಸ್ ಬಿಗಿಯುವ, ಅಡಿ ಜಾರದ ಚರ್ಮದ ಶೂ ಸಾಕು. ತೋಟದ ಗಂಬೂಟು ಚಪ್ಪಲಿಗಿಂತ ವಾಸಿಯೇ, ಆದರೆ ಬಿದ್ದಾಗ ಕಾಲಿನಿಂದ ಕಳಚಿ ಹೋಗುತ್ತದೆ.

ಜಾಕೆಟ್ ಕೊಳ್ಳುವಾಗ ಹೊರಗಿನ ಬಣ್ಣ ನೋಡುವ ಮುಂಚೆ ಒಳಗಿನ ಪ್ಯಾಡನ್ನು ಜೇಬಿನಿಂದ ಹೊರಗೆ ಎಳೆಯಿರಿ. ಅದರ ಮೇಲೆ ಬೈಕ್ ಸವಾರನ ಸಣ್ಣ ಚಿತ್ರ, ಇಎನ್ 1621-1 ಎಂಬ ಯುರೋಪಿನ ಮಾನದಂಡದ ಸಂಖ್ಯೆ, ಭುಜಕ್ಕೆ ಎಸ್, ಮೊಣಕೈಗೆ ಇ ಎಂಬ ಅಕ್ಷರ, ಜೊತೆಗೆ 1 ಅಥವಾ 2 ಎಂಬ ಮಟ್ಟ ಅಚ್ಚಾಗಿರಬೇಕು. 2 ಎಂದಿದ್ದರೆ ಹೆಚ್ಚು ಪೆಟ್ಟು ತಡೆಯುತ್ತದೆ. ಬೆನ್ನಿನದ್ದು ಇಎನ್ 1621-2. ಕಡಿಮೆ ಬೆಲೆಯ ಜಾಕೆಟ್ಟುಗಳಲ್ಲಿ ಬೆನ್ನಿನ ಜೇಬಿಗೆ ಏನೂ ಅಚ್ಚಿಲ್ಲದ ತೆಳ್ಳನೆಯ ಫೋಮ್ ತುಂಡು ತುರುಕಿರುತ್ತಾರೆ. ಅದು ಜಾಗ ತುಂಬಲು ಇಟ್ಟದ್ದು, ಅಸಲಿ ಪ್ಯಾಡನ್ನು ಬೇರೆ ಕೊಳ್ಳಬೇಕು. ಜಾಕೆಟ್ ಮೈಗೆ ಹತ್ತಿಕೊಂಡಿರಬೇಕು. ಹ್ಯಾಂಡಲ್ ಹಿಡಿದ ಭಂಗಿಯಲ್ಲಿ ಕೈ ಚಾಚಿದಾಗ ಮೊಣಕೈ ಪ್ಯಾಡು ಮೊಣಕೈ ಮೇಲೆಯೇ ಕೂರದಿದ್ದರೆ ಬಿದ್ದಾಗಲೂ ಅಲ್ಲಿರುವುದಿಲ್ಲ. ಗಂಡಸರ ಅಳತೆಯ ಜಾಕೆಟ್ಟನ್ನೇ ‘ಇದು ಎಲ್ಲರಿಗೂ ಆಗುತ್ತದೆ ಮೇಡಂ’ ಎಂದು ನಮಗೆ ಕೊಡಲು ಬರುತ್ತಾರೆ. ಭುಜ ಇಳಿಬಿದ್ದ ಜಾಕೆಟ್ ಯಾರಿಗೂ ಆಗುವುದಿಲ್ಲ. ಹೆಂಗಸರ ಅಳತೆಯವೂ ಈಗ ಬರುತ್ತಿವೆ, ಪಟ್ಟು ಹಿಡಿದು ಕೇಳಿ.

ನೀರು ತಡೆಯುವ ಅಸ್ತರು ಒಳಗಿದೆ ಎಂದು ಹೊಗಳಿ ಮಾರುವ ಜಾಕೆಟ್ಟಿಗೆ ನನ್ನ ಮತವಿಲ್ಲ. ಅಸ್ತರು ಒಳಗಿದ್ದರೆ ಹೊರಬಟ್ಟೆಯೆಲ್ಲ ನೆನೆದು ಭಾರವಾಗುತ್ತದೆ, ಅದು ಜುಲೈಯಲ್ಲಿ ಮರುದಿನ ಬೆಳಿಗ್ಗೆಯ ಒಳಗೆ ಒಣಗುವುದುಂಟೇ? ಜಾಕೆಟ್ಟಿನ ಮೇಲೆ ಹಾಕುವ ದೊಡ್ಡ ರೇನ್‌ಕೋಟೇ ನಮ್ಮ ಮಳೆಗೆ ಸರಿ. ಒಣಗಿಸುವ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಒದ್ದೆ ಹೆಲ್ಮೆಟ್ಟನ್ನು ಬಚ್ಚಲ ಹಂಡೆಯ ಒಲೆಯ ಹತ್ತಿರ ಇಡಬೇಡಿ. ನಮ್ಮಲ್ಲಿ ಕಂಬಳಿಯಿಂದ ಹಿಡಿದು ಶಾಲೆಯ ಶೂವರೆಗೆ ಎಲ್ಲವೂ ಒಣಗುವುದು ಅಲ್ಲೇ, ಆದರೆ ಥರ್ಮೋಕೋಲ್ ಬಿಸಿಗೆ ಕುಗ್ಗುತ್ತದೆ. ಒಳಬಟ್ಟೆಯನ್ನು ಬಿಚ್ಚಿ ತೊಳೆದು ಫ್ಯಾನಿನ ಕೆಳಗೆ ಹರಡಿ.

ಬಣ್ಣದ ವಿಷಯಕ್ಕೆ ಮೊದಲೆಲ್ಲ ನಾನು ಅಷ್ಟು ಬೆಲೆ ಕೊಟ್ಟವಳಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದರ ವಿವರ ಓದಿದ ಮೇಲೆ ಬೆಲೆ ಕೊಡಬೇಕಾಯಿತು. ಪ್ರತಿಫಲಿಸುವ ಅಥವಾ ಕಣ್ಣು ಕೋರೈಸುವ ಬಣ್ಣದ ಬಟ್ಟೆ ತೊಟ್ಟವರಿಗೆ ಅಪಘಾತದಲ್ಲಿ ಗಾಯವಾಗುವ ಅಪಾಯ ಶೇ 37ರಷ್ಟು ಕಡಿಮೆ ಕಂಡಿತ್ತು. ಕಪ್ಪು ಹೆಲ್ಮೆಟ್ಟಿಗೆ ಹೋಲಿಸಿದರೆ ಬಿಳಿಯದ್ದಕ್ಕೆ ಶೇ 24ರಷ್ಟು ಕಡಿಮೆ. ನಮ್ಮ ಹುಡುಗರು ಮಾತ್ರ ಗಾಡಿ ಕಪ್ಪು, ಹೆಲ್ಮೆಟ್ ಕಪ್ಪು, ಜಾಕೆಟ್ ಕಪ್ಪು ಮಾಡಿಕೊಂಡು ಚಾರ್ಮಾಡಿಯ ಮಂಜಿನೊಳಗೆ ನುಗ್ಗುತ್ತಾರೆ.

ದುಡ್ಡಿನ ಮಾತು. ಐಎಸ್‌ಐ ಗುರುತಿನ, ಗಲ್ಲ ಮುಚ್ಚುವ ಒಳ್ಳೆಯ ಹೆಲ್ಮೆಟ್ ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ಗ್ಲೌಸೂ ಹೆಚ್ಚುಕಡಿಮೆ ಅಷ್ಟೇ. ಜಾಕೆಟ್ ಐದಾರು ಸಾವಿರದಿಂದ ಮೇಲೆ. ಹೆಚ್ಚಾಯಿತು ಎನ್ನುವವರು ಗಾಡಿಯ ಬಿಲ್ಲನ್ನು ಒಮ್ಮೆ ತೆಗೆದು ನೋಡಿ. ಅಕ್ಕನ ಮಗಳ ಬಿಲ್ಲಿನಲ್ಲಿ ಸೀಟಿನ ಕವರು, ಕಾಲಡಿಯ ಮ್ಯಾಟು, ಸುತ್ತಲೂ ಸ್ಟೀಲಿನ ಗಾರ್ಡು, ಬಣ್ಣ ಮಾಸದಿರಲು ಟೆಫ್ಲಾನ್ ಲೇಪನ, ಎಲ್ಲವೂ ಇತ್ತು. ಸ್ಕೂಟರಿಗೆ ಗೀರು ಬೀಳದಂತೆ ಇಷ್ಟೆಲ್ಲ ಕಟ್ಟಿಸಿದವಳು ತನ್ನ ಚರ್ಮಕ್ಕೆ ಏನೂ ಬೇಡ ಎನ್ನುತ್ತಿದ್ದಳು. ಲೇಪನ ಬೇಡವೆಂದು ವಾಪಸ್ ಮಾಡಿಸಿದೆವು, ಗ್ಲೌಸು ಬಂತು. ಜಾಕೆಟ್ ಮುಂದಿನ ಬೋನಸ್ಸಿಗೆ. ಎಲ್ಲವನ್ನೂ ಒಟ್ಟಿಗೆ ಕೊಳ್ಳಲಾಗದೆ ಏನನ್ನೂ ಕೊಳ್ಳದೆ ಉಳಿಯುವುದಕ್ಕಿಂತ ಹೀಗೆ ಒಂದೊಂದಾಗಿ ಬರುವುದು ಎಷ್ಟೋ ಮೇಲು.

ಸೀರೆ ಉಟ್ಟು ಹೋಗುವವರು ಏನು ಮಾಡಬೇಕೆಂದು ಇಬ್ಬರು ಟೀಚರುಗಳು ಕೇಳಿದ್ದರು. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಜಾಕೆಟ್ ಹಾಕಿ ಜಿಪ್ ಏರಿಸಿದರೆ ಸೆರಗು ಚಕ್ರದ ಕಡೆಗೆ ಹಾರುವ ಭಯವೂ ಇಲ್ಲ. ಹಿಂದೆ ಕೂರುವವರಿಗೆ ಚಕ್ರವನ್ನು ಮರೆಮಾಡುವ ಗಾರ್ಡ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಚೆಂದಕ್ಕೆಂದು ಅದನ್ನು ಬಿಚ್ಚಿಸುವ ಹುಡುಗರ ಬೈಕಿನ ಹಿಂದೆ ಕೂರಬೇಡಿ, ಸ್ವಂತ ಮಗನಾದರೂ ಸರಿ.

ಕೊನೆಗೆ ಮಕ್ಕಳು. ಹಿಂಬದಿ ಸವಾರರಿಗೆ ಹೆಲ್ಮೆಟ್ ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದಲೇ ಕಡ್ಡಾಯ. ನಾಲ್ಕು ವರ್ಷದೊಳಗಿನ ಮಗುವನ್ನು ಕರೆದೊಯ್ಯುವಾಗ ಹೆಲ್ಮೆಟ್ ಬೇಕು, ಸವಾರರಿಗೆ ಜೋಡಿಸುವ ಸುರಕ್ಷತಾ ಪಟ್ಟಿ ಬೇಕು, ವೇಗ 40 ಕಿಲೋಮೀಟರ್ ದಾಟಬಾರದು ಎಂಬ ಕೇಂದ್ರದ ನಿಯಮ 2023ರ ಫೆಬ್ರವರಿಯಿಂದ ಇದೆ. ಕೊಳ್ಳಲು ಬಂದ ಕೆಲವರು ಶಾಲೆಯ ಸಮವಸ್ತ್ರ ಹೊಲಿಸುವ ಹಾಗೆ ‘ಬೆಳೆಯುವ ಮಗು, ಒಂದು ಸೈಜು ದೊಡ್ಡದೇ ಕೊಡಿ’ ಎನ್ನುತ್ತಾರೆ. ಸಡಿಲ ಹೆಲ್ಮೆಟ್ ಬಿದ್ದ ಕ್ಷಣದಲ್ಲೇ ಕಳಚಿ ಹಾರುತ್ತದೆ. ಮಗುವನ್ನು ಅಂಗಡಿಗೆ ಕರೆದುಕೊಂಡೇ ಹೋಗಿ, ಹಾಕಿ ನೋಡಿ ತನ್ನಿ. ಚಿಕ್ಕಮಗಳೂರಿನಲ್ಲಿ ಐದಾರು ವರ್ಷದವರ ಅಳತೆಯದ್ದು ಹುಡುಕಿ ನನಗೆ ಸಾಕಾಗಿದೆ. ಹಾಸನದಲ್ಲೋ ಇಲ್ಲೋ ಐಎಸ್‌ಐ ಗುರುತಿನ ಮಕ್ಕಳ ಹೆಲ್ಮೆಟ್ ಇಡುವ ಅಂಗಡಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.