ಕೆಲಸ ಕೊಡುವವರಿಗೆ ಮೊಬೈಲಿನ ಬೀಗ ಏಕೆ ತೆರೆಯಬೇಕು?

ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗಳು ಕಳೆದ ವರ್ಷ ಅಲ್ಲಿನ ಒಂದು ಖಾಸಗಿ ಕಚೇರಿಗೆ ಲೆಕ್ಕಪತ್ರದ ಕೆಲಸಕ್ಕೆಂದು ಸಂದರ್ಶನಕ್ಕೆ ಹೋಗಿದ್ದಳು. ಅಂಕಪಟ್ಟಿಗಳನ್ನೆಲ್ಲ ನೋಡಿ ಮುಗಿಸಿದ ವ್ಯವಸ್ಥಾಪಕರು, ಇನ್‌ಸ್ಟಾಗ್ರಾಂ ತೆರೆದು ಮೊಬೈಲನ್ನು ಮೇಜಿನ ಮೇಲಿಡುವಂತೆ ಹೇಳಿದರಂತೆ. ಚಿತ್ರಗಳಿಗೇ ಅವರು ನಿಲ್ಲಲಿಲ್ಲ. ಗೆಳತಿಯೊಬ್ಬಳು ತನ್ನ ಸಂಸಾರದ ಕಷ್ಟ ತೋಡಿಕೊಂಡಿದ್ದ ಸಂದೇಶಗಳನ್ನೂ ಓದಿದರು. "ಬೇಡ ಅನ್ನೋಕೆ ಧೈರ್ಯ ಬರ್ಲಿಲ್ಲ ಮಾಮ, ಕೆಲಸ ಬೇಕಿತ್ತು" ಎಂದು ಅವಳು ಹೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಾನಿರುವುದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ. 2010ರಲ್ಲಿ ಇಲ್ಲಿಯೂ ರಜೆ ಮುಗಿಸಿ ಬಂದ ಬಂದೀಖಾನೆ ಇಲಾಖೆಯ ನೌಕರರೊಬ್ಬರಿಂದ ಫೇಸ್‌ಬುಕ್ ಪಾಸ್‌ವರ್ಡ್ ಕೇಳಿ ಪಡೆದದ್ದು ದೊಡ್ಡ ಸುದ್ದಿಯಾಗಿತ್ತು. 2012ರಲ್ಲಿ ಮೇರಿಲ್ಯಾಂಡ್, ನೌಕರರಿಂದಾಗಲಿ ಕೆಲಸ ಕೇಳಿ ಬಂದವರಿಂದಾಗಲಿ ಖಾಸಗಿ ಖಾತೆಯ ಪಾಸ್‌ವರ್ಡ್ ಕೇಳುವುದನ್ನೇ ನಿಷೇಧಿಸಿ, ಅಂತಹ ಕಾನೂನು ತಂದ ಅಮೆರಿಕದ ಮೊದಲ ರಾಜ್ಯವಾಯಿತು. ಹಾಗೆಂದು ಇಲ್ಲಿಯದೆಲ್ಲ ಚೆನ್ನ ಎನ್ನಲಾರೆ. ಎಲ್ಲರಿಗೂ ಕಾಣುವಂತೆ ಬರೆದ ಒಂದು ಸಾಲಿಗಾಗಿ ಖಾಸಗಿ ಕಂಪನಿ ನೌಕರನನ್ನು ಮನೆಗೆ ಕಳುಹಿಸುವುದು ಇಲ್ಲಿ ಬಹಳ ಸುಲಭ.

ನಮ್ಮೂರಿನ ರೀತಿ ಬೇರೆಯಿತ್ತು. ಅಂಗಡಿಯ ಯಜಮಾನರು ಯಾರ ಮಗ, ಯಾವ ಓಣಿ ಎಂದು ವಿಚಾರಿಸಿ, ಪರಿಚಯದ ಹಿರಿಯರ ಮಾತಿನ ಮೇಲೆ ಕೆಲಸ ಕೊಡುತ್ತಿದ್ದರು. ಹಾಗೆ ವಿಚಾರಿಸಿದವರೇ ಮನೆಯಲ್ಲಿ ಕಷ್ಟ ಬಂದಾಗ ಕೈಗಡವನ್ನೂ ಕೊಡುತ್ತಿದ್ದರು. ಹತ್ತಿ ಗಿರಣಿಯಲ್ಲಿ ದುಡಿದ ನನ್ನ ತಂದೆಯನ್ನು ಪಾಳಿ ಮುಗಿದಾಗ ಗೇಟಿನಲ್ಲಿ ತಡೆದು, ಬುತ್ತಿಯ ಡಬ್ಬಿ ತೆರೆಸಿ, ಜೇಬು ಮುಟ್ಟಿ ನೋಡುತ್ತಿದ್ದರು. ನೂಲು ಗಿರಣಿಯದು, ನೋಡಲಿ ಎಂದು ಅಪ್ಪ ಸುಮ್ಮನಿರುತ್ತಿದ್ದರು. ಆದರೆ ಮನೆಯ ಟ್ರಂಕು ತೆಗೆಯಿರಿ, ನಿಮಗೆ ಬಂದ ಕಾಗದಗಳನ್ನು ಓದಬೇಕು ಎಂದು ಯಾವ ಧಣಿಯೂ ಕೇಳಿದ್ದಿಲ್ಲ. ಕಂಪನಿಯ ಗುಟ್ಟು ಹೊರಹೋಗಬಾರದೆಂಬ ಆತಂಕ ನ್ಯಾಯವಾದದ್ದೇ, ಅದಕ್ಕೆ ಕಚೇರಿಯ ಕಂಪ್ಯೂಟರನ್ನು ತಪಾಸಣೆ ಮಾಡಲಿ. ಮೊಬೈಲಿನಲ್ಲಿರುವುದು ಒಬ್ಬರ ಮಾತಲ್ಲ. ನಮ್ಮ ಹುಡುಗಿ ಒಪ್ಪಿಯೇ ಕೊಟ್ಟಳೆಂದು ವಾದಕ್ಕೆ ಇಟ್ಟುಕೊಂಡರೂ, ಆ ಗೆಳತಿಯನ್ನು ಯಾರು ಕೇಳಿದರು?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲೇ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆ ಮುಕ್ತವಾಗಿರಬೇಕು ಎನ್ನುತ್ತದಾದರೂ, ಉದ್ಯೋಗದ ಕೆಲವು ಉದ್ದೇಶಗಳಿಗೆ ಒಪ್ಪಿಗೆಯಿಲ್ಲದೆಯೂ ದತ್ತಾಂಶ ಬಳಸಲು ದಾರಿ ಬಿಟ್ಟಿದೆ. ಕಾರ್ಮಿಕ ಕಲ್ಯಾಣವು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಯಲ್ಲಿ ಇರುವುದರಿಂದ, ಪಾಸ್‌ವರ್ಡ್ ಕೇಳಬಾರದು, ಖಾತೆಯನ್ನು ಎದುರಿಗೆ ತೆರೆಸಲೂಬಾರದು ಎಂಬ ಕಾನೂನನ್ನು ಕರ್ನಾಟಕ ತಾನೇ ತರಲು ಮುಂದಾಗಬೇಕು.

ಅಕ್ಕನ ಮಗಳಿಗೆ ಆ ಕೆಲಸ ಸಿಕ್ಕಿತು. ಗೆಳತಿಗೆ ಅವಳು ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಅಂದಿನಿಂದ ಆ ಗೆಳತಿ ಹಬ್ಬದ ಶುಭಾಶಯ ಬಿಟ್ಟು ಬೇರೇನನ್ನೂ ಬರೆದು ಕಳುಹಿಸಿಲ್ಲ.